ಬೆಲೆ ಕಟ್ಟಬಹುದಾದ ಜಗಳ, ಕಟ್ಟಲಾಗದ ಜಗಳ
(ತರೀಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ನನಗೆ ಕೊಟ್ಟಿರುವ ವಿಷಯ ಯುರೋಪಿನ ಯುದ್ಧಗಳಿಗೆ ಧರ್ಮ ಮತ್ತು ರಾಷ್ಟ್ರೀಯತೆ ಎಷ್ಟರಮಟ್ಟಿಗೆ ಕಾರಣ ಎಂಬುದು. ಯುರೋಪಿಗೆ ಹೋಗುವ ದಾರಿಯನ್ನು ನಾನು ತರೀಕೆರೆಯಿಂದಲೇ ಹಿಡಿಯುತ್ತೇನೆ. 1830-31ರಲ್ಲಿ ಈ ಸೀಮೆಯಲ್ಲಿ ನಡೆದ ದಂಗೆಯನ್ನು ಚರಿತ್ರೆಯ ಪುಸ್ತಕಗಳು ನಗರದ ದಂಗೆ ಎಂದು ಕರೆಯುತ್ತವೆ. ಅದರಲ್ಲಿ ಧರ್ಮವಿತ್ತು, ಕಳೆದುಹೋದ ಒಂದು ರಾಜ್ಯದ ನೆನಪಿತ್ತು, ಕಂದಾಯವೂ ಇತ್ತು. ಯುರೋಪಿನ ಚರಿತ್ರಕಾರರು ನೂರಾರು ವರ್ಷಗಳಿಂದ ಚರ್ಚಿಸುತ್ತ ಬಂದಿರುವ ಪ್ರಶ್ನೆ ನಮ್ಮ ಊರ ಬಾಗಿಲಲ್ಲೇ ಒಮ್ಮೆ ಎದ್ದು ನಿಂತಿತ್ತು. ಅದನ್ನು ಮೊದಲು ಬಿಡಿಸಿ ನೋಡಿದರೆ ದೂರದ್ದೂ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. ಜೊತೆಗೆ ಒಂದು ಒಪ್ಪಂದ. ವರ್ಷಕ್ಕೆ 7 ಲಕ್ಷ ವರಹ ಪೊಗದಿ ಕಂಪನಿಗೆ ಸಲ್ಲಬೇಕು. ಹಣ ನಿಲ್ಲುವ ಸಂಭವ ಕಂಡರೆ ಗವರ್ನರ್ ಜನರಲ್ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದು. ದಿವಾನ್ ಪೂರ್ಣಯ್ಯನವರು ಇರುವತನಕ ಬೊಕ್ಕಸ ತುಂಬಿತ್ತು. ಆಮೇಲೆ ಖರ್ಚು ಏರಿತು, ಹುಟ್ಟುವಳಿ ಇಳಿಯಿತು. ಆಗ ಬಿಗಿಯಾದದ್ದು ಶರತ್ತಿನ ಪದ್ಧತಿ. ತಾಲ್ಲೂಕಿನಿಂದ ಇಷ್ಟು ಹಣ ಎತ್ತಿಕೊಡುತ್ತೇನೆಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು, ಹೆಚ್ಚು ಬಂದರೆ ಅದನ್ನೂ ಸರ್ಕಾರಕ್ಕೆ ಕಟ್ಟಬೇಕು. ಅಂಥ ಅಮಲ್ದಾರ ರೈತನ ಮನೆ ಮುಂದೆ ನಿಂತಾಗ ಮಳೆ ಬಂತೆ, ಬೆಳೆ ಬಂತೆ ಎಂದು ಕೇಳುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ತರೀಕೆರೆ ಸೀಮೆ ಆಗ ನಗರದ (ಹಿಂದಿನ ಬಿದನೂರಿನ) ಫೌಜುದಾರಿ ಪ್ರಾಂತಕ್ಕೆ ಸೇರಿತ್ತು. ಫೌಜುದಾರಿಕೆ ಬಹುಕಾಲ ರಾಮರಾಯನ ಕೈಯಲ್ಲಿತ್ತು. ತಾಲ್ಲೂಕುಗಳಲ್ಲಿ ಅವನ ನೆಂಟರಿಷ್ಟರು. 1828ರಲ್ಲಿ ಆ ಹುದ್ದೆಗೆ ವೀರರಾಜೇ ಅರಸು ಬಂದರು. ಹಿಂದಿನವರು ಮಾಫಿ ಮಾಡಿದ್ದ ಬಾಕಿಗಳಲ್ಲಿ ಮೋಸವಿದೆ ಎಂದು ಅವನ್ನು ಮತ್ತೆ ವಸೂಲಿಗೆ ಎತ್ತಿದರು. ಒಮ್ಮೆ ಬಿಟ್ಟ ಹಣವನ್ನು ಎರಡನೆಯ ಸಲ ಕೇಳಿದ್ದೇ ತಡ, ಊರೂರಿನ ಗೌಡರು ಒಂದಾದರು. 1830ರ ಆಗಸ್ಟಿನಲ್ಲಿ ಬಸವಾಪಟ್ಟಣದಲ್ಲಿ ರೈತರ ಕೂಟ ಸೇರಿತು. ಕಿಸ್ತು ಕಟ್ಟುವುದಿಲ್ಲ ಎಂದರು. ಮೊದಲ ದಿನಗಳಲ್ಲಿ ಅವರ ಕೈಯಲ್ಲಿ ಇದ್ದದ್ದು ಆಯುಧವಲ್ಲ, ದೂರಿನ ಪಟ್ಟಿ.

ಇನ್ನು ಧರ್ಮ. ಊರಿನ ಗೌಡಿಕೆ ಹೆಚ್ಚಾಗಿ ಲಿಂಗಾಯತರಲ್ಲಿ, ಕಚೇರಿಯ ಅಧಿಕಾರ ಹೆಚ್ಚಾಗಿ ಬ್ರಾಹ್ಮಣರಲ್ಲಿ ಇದ್ದ ಕಾಲ ಅದು. ಕಂದಾಯ ಕೇಳುವವನದು ಒಂದು ಮತ, ಕೊಡುವವನದು ಇನ್ನೊಂದು. ಎರಡು ಕಡೆಯವರಿಗೂ ಈ ಬಿರುಕು ತಿಳಿದಿತ್ತು. ದಂಗೆಗೆ ತಲೆಯಾಗಿ ಬಂದ ಬೂದಿ ಬಸವಪ್ಪ ತಾನು ಕೆಳದಿ ಅರಸರ ವಾರಸುದಾರ, ನಗರದ ಸಿಂಹಾಸನ ತನ್ನದು ಎಂದ. ಹಳೆಯ ಅರಸುಮನೆಯ ಮೊಹರುಗಳು ಒಬ್ಬ ಜಂಗಮರ ಮೂಲಕ ಅವನ ಕೈಸೇರಿದ್ದವೆಂದು ಹೇಳುತ್ತಾರೆ. ಕೆಳದಿಯದು ವೀರಶೈವ ಅರಸುಮನೆ. 1763ರಲ್ಲಿ ಹೈದರನು ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಕಿತ್ತುಕೊಂಡ. ಆದರೆ ಮಲೆನಾಡಿನ ರೈತರ ಬಾಯಲ್ಲಿ ಆ ಮನೆಯ ಅರಸ ಶಿವಪ್ಪನಾಯಕನ ಶಿಸ್ತು ಉಳಿದೇ ಇತ್ತು. ಗದ್ದೆಯ ಗುಣ ನೋಡಿ ಕಟ್ಟಿದ ಆ ಹಳೆಯ ಕಂದಾಯಕ್ಕೆ ಹೋಲಿಸಿದರೆ ಶರತ್ತಿನ ವಸೂಲಿ ಸುಲಿಗೆಯಾಗಿ ಕಾಣುತ್ತಿತ್ತು.

ಹೀಗೆ ಮತದ ಬಿರುಕು ಒಂದು, ಕಳೆದುಹೋದ ಸಿಂಹಾಸನ ಇನ್ನೊಂದು. ಧರ್ಮಯುದ್ಧಕ್ಕೆ ಬೇಕಾದ ಸಾಮಗ್ರಿ ಎಲ್ಲ ಸಿದ್ಧವಾಗಿತ್ತು. ಆದರೆ ಬೂದಿ ಬಸವಪ್ಪ ರೈತರಿಗೆ ಮಾಡಿದ ಮುಖ್ಯ ವಾಗ್ದಾನವನ್ನು ನೋಡಿ. ಹಳೆಯ ಬಾಕಿ ಪೂರ್ತಿ ಮಾಫಿ. ಮುಂದೆ ಒಂದು ವರಹ ಕಟ್ಟುತ್ತಿದ್ದ ಕಡೆ ಒಂದು ರೂಪಾಯಿ ಕಟ್ಟಿದರೆ ಸಾಕು. ಅರಸನಾಗಲು ಹೊರಟವನು ಜನರನ್ನು ಕೂಡಿಸಿದ್ದು ಮೊಹರಿನಿಂದಲ್ಲ, ಈ ಲೆಕ್ಕದಿಂದ.

ಅವನ ಜೊತೆ ಸೇರಿದವನು ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ. ಬಾಬಾಬುಡನ್ ಸಾಲಿನ ಕಡೆಯ ಕಲ್‌ದುರ್ಗ, ಕಾಮನದುರ್ಗಗಳನ್ನು ಇವನು ಹಿಡಿದ. ಈ ಮನೆತನ ಮೊದಲು ಬಸವಾಪಟ್ಟಣದಲ್ಲಿ, ಆಮೇಲೆ ಸಂತೇಬೆನ್ನೂರಿನಲ್ಲಿ, ಕೊನೆಗೆ ಇಲ್ಲಿ ನೆಲೆ ನಿಂತದ್ದು. ರಂಗನಾಥನ ಒಕ್ಕಲು, ಸಂತೇಬೆನ್ನೂರಿನ ಪುಷ್ಕರಣಿ ಇವರ ಕಾಲದ್ದು. ಇವರಿಗೂ ಇಕ್ಕೇರಿಯ, ಅಂದರೆ ಕೆಳದಿಯ, ಅರಸರಿಗೂ ಹಳೆಯ ಹಗೆ. 1637ರ ಸುಮಾರಿಗೆ ಬಿಜಾಪುರದ ರಣದುಲ್ಲಾಖಾನ ಇಕ್ಕೇರಿಯ ವೀರಭದ್ರ ನಾಯಕನ ಮೇಲೆ ಏರಿ ಬಂದಾಗ ಅವನ ಜೊತೆ ನಿಂತವನು ಬಸವಾಪಟ್ಟಣದ ಕೆಂಗ ಹನುಮ ನಾಯಕ. ವಿಷ್ಣುಭಕ್ತ ಪಾಳೆಯಗಾರ ಸುಲ್ತಾನನ ದಂಡಿನೊಂದಿಗೆ ಸೇರಿ ಶಿವಭಕ್ತ ಅರಸನ ಮೇಲೆ ಹೋದ. ಆ ಸ್ನೇಹ ಬಹಳ ದಿನ ಉಳಿಯಲಿಲ್ಲ. ಅದೇ ಬಿಜಾಪುರದ ದಂಡು ಬಸವಾಪಟ್ಟಣವನ್ನೂ ಹಿಡಿಯಿತು. ಸುಮಾರು 200 ವರ್ಷಗಳ ನಂತರ ಅದೇ ವಂಶದವನು ಇಕ್ಕೇರಿಯ ಗಾದಿಯ ಹಕ್ಕುದಾರನೆಂದು ಹೇಳಿಕೊಂಡವನ ಜೊತೆ ಹೆಗಲು ಕೊಟ್ಟು ನಿಂತ. ಧರ್ಮವೊಂದೇ ಯುದ್ಧದ ಕಾರಣವಾಗಿದ್ದರೆ ಈ ಎರಡೂ ನಡೆಯುತ್ತಿರಲಿಲ್ಲ.

ಈಗ ಯುರೋಪಿಗೆ ಹೋಗೋಣ. ಅಲ್ಲಿ ಧರ್ಮಯುದ್ಧ ಎಂದ ಕೂಡಲೇ ಹೇಳುವುದು 1618ರಿಂದ 1648ರ ಮೂವತ್ತು ವರ್ಷದ ಯುದ್ಧವನ್ನು. 1618ರ ಮೇ 23ರಂದು ಪ್ರಾಗ್ ಕೋಟೆಯಲ್ಲಿ ಬೊಹೀಮಿಯದ ಪ್ರಾಟೆಸ್ಟಂಟ್ ಸರದಾರರು ಕ್ಯಾಥೊಲಿಕ್ ಚಕ್ರವರ್ತಿಯ ಅಧಿಕಾರಿಗಳನ್ನು ಕಿಟಕಿಯಿಂದ ಆಚೆ ಎಸೆದರು. ಎಸೆಸಿಕೊಂಡವರು ಬದುಕಿ ಉಳಿದರು. ಆದರೆ ಅಲ್ಲಿ ಹತ್ತಿದ ಬೆಂಕಿ ಇಡೀ ಜರ್ಮನ್ ನಾಡನ್ನು ಸುಟ್ಟಿತು. ಹಲವು ಸೀಮೆಗಳಲ್ಲಿ ಮೂರರಲ್ಲೊಂದು ಪಾಲು ಜನ ಅಳಿದರು. ಕತ್ತಿಗಿಂತ ಹೆಚ್ಚಾಗಿ ಬರದಿಂದ, ಪ್ಲೇಗಿನಿಂದ. 1631ರ ಮೇ ತಿಂಗಳಲ್ಲಿ ಮಾಗ್ಡೆಬರ್ಗ್ ನಗರ ಬಿದ್ದಾಗ ಸುಮಾರು 20,000 ಜನ ಸತ್ತರು. ಅಲ್ಲಿ ಕೊಲ್ಲುವವರ ಬಾಯಲ್ಲಿ ದೇವರ ಹೆಸರಿತ್ತು, ಸಾಯುವವರ ಬಾಯಲ್ಲೂ ಅದೇ ದೇವರ ಹೆಸರಿತ್ತು.

ಆದರೆ ಯಾರು ಯಾರ ಕಡೆ ನಿಂತರು ಎಂದು ನೋಡಿದರೆ ಚಿತ್ರ ಬದಲಾಗುತ್ತದೆ. ಫ್ರಾನ್ಸ್ ಕ್ಯಾಥೊಲಿಕ್ ದೇಶ. ಅದರ ಮಂತ್ರಿ ರಿಷಲ್ಯೂ ಸ್ವತಃ ಚರ್ಚಿನ ಕಾರ್ಡಿನಲ್. ಅವನು ಪ್ರಾಟೆಸ್ಟಂಟ್ ಸ್ವೀಡನ್ನಿಗೆ ಹಣ ಕೊಟ್ಟ, 1635ರಿಂದ ತನ್ನ ಸೈನ್ಯವನ್ನೇ ಕ್ಯಾಥೊಲಿಕ್ ಹ್ಯಾಬ್ಸ್‌ಬರ್ಗ್ ಮನೆತನದ ಮೇಲೆ ಇಳಿಸಿದ. ಲೆಕ್ಕ ಬಸವಾಪಟ್ಟಣದ ಕೆಂಗ ಹನುಮನದೇ: ಪಕ್ಕದ ಮನೆ ಬಲಿಯಬಾರದು. ಎರಡೂ ಹೆಚ್ಚುಕಡಿಮೆ ಒಂದೇ ದಶಕದಲ್ಲಿ ನಡೆದವು. ಚಕ್ರವರ್ತಿಯ ದಂಡನಾಯಕ ವಾಲೆನ್‌ಸ್ಟೈನ್ ಪ್ರಾಟೆಸ್ಟಂಟ್ ಆಗಿ ಹುಟ್ಟಿ ಕ್ಯಾಥೊಲಿಕ್ ಆದವನು. ಸೈನ್ಯ ಸಾಕಲು ಅವನು ಕಂಡುಕೊಂಡ ಉಪಾಯವೆಂದರೆ ಸೈನ್ಯ ಬೀಡುಬಿಟ್ಟ ಸೀಮೆಯೇ ಅದಕ್ಕೆ ಕಟ್ಟಬೇಕಾದ ಕಾಣಿಕೆ. ಶತ್ರುವಿನ ಸೀಮೆಯೋ ಮಿತ್ರನ ಸೀಮೆಯೋ, ಕಾಣಿಕೆ ಒಂದೇ. ಅವನು ಬಲಿತದ್ದನ್ನು ಕಂಡು ಅಂಜಿದ ಚಕ್ರವರ್ತಿಯ ಕಡೆಯವರೇ 1634ರ ಫೆಬ್ರವರಿಯಲ್ಲಿ ಅವನನ್ನು ಕೊಲ್ಲಿಸಿದರು.

ಸೈನ್ಯ ಹೊಟ್ಟೆಯ ಮೇಲೆ ನಡೆಯುತ್ತದೆ ಎಂಬುದು ಅಜ್ಜಂಪುರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮ ಊರಿನ ಅಮೃತಮಹಲ್ ತಳಿ ಸಂವರ್ಧನ ಕೇಂದ್ರದಲ್ಲಿ ನಿಂತಿರುವ ರಾಸುಗಳು ಉಳುವುದಕ್ಕೆಂದು ಬೆಳೆಸಿದ ತಳಿಯಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬಂದ ತಳಿ ಅದು. ಹೈದರನ ಕಾಲಕ್ಕೆ ದಂಡಿನ ಸಾಮಾನು, ಫಿರಂಗಿ ಎಳೆಯುವ ಎತ್ತುಗಳಾಗಿ ಬೆಳೆದವು. ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. 1799ರ ನಂತರ ಅವೇ ಎತ್ತುಗಳು ಕಂಪನಿಯ ಫಿರಂಗಿ ಎಳೆದವು. 1842ರ ಆಫ್ಘನ್ ಯುದ್ಧದ ದುರ್ಗಮ ದಾರಿಗಳಲ್ಲೂ ನಡೆದವು. ಉದ್ದ ಕೋಡು, ಸಣ್ಣ ಬಿಗಿಯಾದ ಗೊರಸು, ಕಡಿಮೆ ಮೇವಿನಲ್ಲಿ ದಿನವಿಡೀ ಬಿರುಸಿನ ನಡಿಗೆ. ಕಡೂರಿನ ಬಾಸೂರು ಕಾವಲು ಮತ್ತು ಈ ಸುತ್ತಿನ ಕಾವಲುಗಳೆಲ್ಲ ಆ ಎತ್ತುಗಳ ಮೇವಿಗೆ ಮೀಸಲಿಟ್ಟ ಹುಲ್ಲುಗಾವಲು. ಬಾಸೂರು ಕಾವಲಿನಲ್ಲಿ ಇವತ್ತು ಕೃಷ್ಣಮೃಗ ಮೇಯುತ್ತವೆ. ಯುದ್ಧಕ್ಕಾಗಿ ಕಾದಿಟ್ಟ ಹುಲ್ಲು ಅವುಗಳ ಪಾಲಿಗೆ ಉಳಿದದ್ದು ನನಗೆ ಬಹಳ ಸಮಾಧಾನದ ಸಂಗತಿ. ನಾನು ಹೇಳಹೊರಟದ್ದು ಇಷ್ಟೆ: ಯಾವ ದೇವರಿಗಾಗಿ, ಯಾವ ದೇಶಕ್ಕಾಗಿ ಎಂದು ಸಾರಿದರೂ ಯುದ್ಧವೆನ್ನುವುದು ಮೇವು, ಎತ್ತು, ಸಂಬಳ, ಕಂದಾಯಗಳ ಮೇಲೆ ನಿಲ್ಲುತ್ತದೆ. ಅದನ್ನು ಬಿಟ್ಟು ಬರೆದ ಯುದ್ಧದ ಚರಿತ್ರೆ ಅರ್ಧ ಚರಿತ್ರೆ.

ಸಂಬಳ ನಿಂತರೆ ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನ. 1527ರ ಮೇ 6ರಂದು ರೋಮ್ ನಗರವನ್ನು ಲೂಟಿ ಮಾಡಿದ್ದು ಕ್ಯಾಥೊಲಿಕ್ ಚಕ್ರವರ್ತಿ ಐದನೆಯ ಚಾರ್ಲ್ಸನ ದಂಡು. ತಿಂಗಳುಗಟ್ಟಲೆ ಸಂಬಳ ಕಾಣದ ಆ ಸೈನಿಕರಲ್ಲಿ ಪ್ರಾಟೆಸ್ಟಂಟ್ ಗುರು ಲೂಥರನ ಕಡೆಯವರಿದ್ದಂತೆ ಕ್ಯಾಥೊಲಿಕ್ ಸ್ಪೇನಿನವರೂ ಇದ್ದರು. ಪೋಪ್ ಓಡಿಹೋಗಿ ಕೋಟೆಯೊಳಗೆ ಅವಿತುಕೊಂಡ. ಇನ್ನೊಂದು ನಮ್ಮದೇ ಜಿಲ್ಲೆಯದು. 1791ರಲ್ಲಿ ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದವರು ಮರಾಠಾ ದಂಡಿನೊಂದಿಗೆ ಬಂದ ಪಿಂಡಾರಿಗಳು. ಅವರಿಗೆ ಸಂಬಳವಿಲ್ಲ; ಕೊಳ್ಳೆಯೇ ಸಂಬಳ. ಶಾರದೆಯ ಮೂರ್ತಿಯನ್ನು ಪುನಃ ಪ್ರತಿಷ್ಠಾಪಿಸಲು ನೆರವು ಕಳಿಸಿದವನು ಟಿಪ್ಪು ಸುಲ್ತಾನ. ಅವನು ಸ್ವಾಮಿಗಳಿಗೆ ಬರೆದ ಕನ್ನಡದ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು.

ಹಾಗೆಂದು ಧರ್ಮ ನೆಪ ಮಾತ್ರ, ಒಳಗೆಲ್ಲ ದುಡ್ಡಿನ ಲೆಕ್ಕವೇ ಎಂದು ಕೈತೊಳೆದುಕೊಳ್ಳುವವರ ಜೊತೆ ನಾನಿಲ್ಲ. ಅದೇ ಟಿಪ್ಪು ಕೆನರಾದ ಕ್ರೈಸ್ತರನ್ನು 1784ರಲ್ಲಿ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಆ ಜನ ಇಂಗ್ಲಿಷರಿಗೆ ನೆರವಾದರು ಎಂಬ ಸಂಶಯ ರಾಜಕೀಯದ್ದು. ಆದರೆ ಸಂಶಯ ಬಿದ್ದದ್ದು ಒಬ್ಬೊಬ್ಬರ ಮೇಲಲ್ಲ, ಒಂದು ಮತಕ್ಕೆ ಸೇರಿದ ಹೆಂಗಸು, ಮಕ್ಕಳು, ಮುದುಕರೆಲ್ಲರ ಮೇಲೆ. 1572ರ ಆಗಸ್ಟ್ 23-24ರ ರಾತ್ರಿ ಪ್ಯಾರಿಸಿನಲ್ಲಿ ಶುರುವಾದ ಹ್ಯೂಗನಾಟರ, ಅಂದರೆ ಫ್ರಾನ್ಸಿನ ಪ್ರಾಟೆಸ್ಟಂಟರ, ಕೊಲೆಯೂ ಅಂಥದೇ. ಅರಮನೆಯವರು ಕೊಲ್ಲಿಸಲು ಹೊರಟದ್ದು ಕೆಲವು ಮುಖಂಡರನ್ನು. ಬೆಳಗಾಗುವಷ್ಟರಲ್ಲಿ ನೆರೆಹೊರೆಯವರೇ ನೆರೆಹೊರೆಯವರ ಬಾಗಿಲು ಒಡೆದರು. ಮುಂದಿನ ವಾರಗಳಲ್ಲಿ ಅದು ಫ್ರಾನ್ಸಿನ ಊರೂರಿಗೆ ಹಬ್ಬಿತು. ಯಾವ ಕಂದಾಯದ ಲೆಕ್ಕವೂ ಇದನ್ನು ವಿವರಿಸಲಾರದು.

ಇಲ್ಲಿಗೆ ನನ್ನ ಮಾತಿನ ತಿರುಳಿಗೆ ಬಂದೆ. ಯುದ್ಧಕ್ಕೆ ಮೂಲವಾದ ಜಗಳ ಬಹುಪಾಲು ನೆಲ, ಹಣ, ಪಟ್ಟ, ಅಧಿಕಾರಗಳದು. ಇವಕ್ಕೆಲ್ಲ ಬೆಲೆ ಕಟ್ಟಬಹುದು. ಅರ್ಧ ಕೊಟ್ಟು ಅರ್ಧ ಬಿಡಬಹುದು, ಈ ವರ್ಷ ಬಿಟ್ಟು ಮುಂದಿನ ವರ್ಷ ಕಟ್ಟಬಹುದು, ಇಬ್ಬರು ಹಿರಿಯರು ಕೂತು ತೀರ್ಮಾನ ಹೇಳಬಹುದು. ಆ ಜಗಳಕ್ಕೆ ಧರ್ಮದ ಅಥವಾ ರಾಷ್ಟ್ರದ ಹೆಸರು ಬಿದ್ದಾಗ ಅದರ ಬೆಲೆ ಅಳಿಸಿಹೋಗುತ್ತದೆ. ದೇವರನ್ನು ಅರ್ಧ ಬಿಟ್ಟುಕೊಡುವುದು ಹೇಗೆ? ತಾಯ್ನಾಡನ್ನು ಕಂತಿನ ಮೇಲೆ ಕೊಡುವುದು ಹೇಗೆ? ಎದುರಿನವನು ಮಾಡಿದ ತಪ್ಪಿಗಾಗಿ ಅಲ್ಲ, ಅವನು ಏನಾಗಿ ಹುಟ್ಟಿದ್ದಾನೋ ಅದಕ್ಕಾಗಿ ಶತ್ರುವಾಗುತ್ತಾನೆ. ಕಾರಣ ಎಂದು ಧರ್ಮ-ರಾಷ್ಟ್ರಗಳನ್ನು ದೂರುವಾಗ ನಾನು ದೂರುವುದು ಇದನ್ನು. ಅವು ಜಗಳವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಅದು ಮುಗಿಯುವ ದಾರಿಗಳನ್ನು ಮುಚ್ಚುತ್ತವೆ.

ಜರ್ಮನಿಯ ರೈತರ ಕಥೆ ನಗರದ ಕೂಟದ ಪಕ್ಕದಲ್ಲಿಟ್ಟು ನೋಡಬೇಕಾದದ್ದು. 1525ರ ಮಾರ್ಚ್‌ನಲ್ಲಿ ಮೆಮ್ಮಿಂಗೆನ್ ಎಂಬ ಊರಿನಲ್ಲಿ ರೈತರು ಹನ್ನೆರಡು ಬೇಡಿಕೆಗಳ ಪಟ್ಟಿ ಬರೆದರು. ಪಾದ್ರಿಯನ್ನು ಊರವರೇ ಆರಿಸಬೇಕು, ದಶಾಂಶದ ಸುಂಕ ಊರಿಗೇ ಬಳಕೆಯಾಗಬೇಕು, ಹೊಳೆಯ ಮೀನು, ಕಾಡಿನ ಸೌದೆ ಎಲ್ಲರಿಗೂ ಸಿಗಬೇಕು, ಜೀತ ಹೋಗಬೇಕು, ಗೇಣಿ ನ್ಯಾಯವಾಗಿರಬೇಕು. ನಮ್ಮ ರೈತರು ಶಿವಪ್ಪನಾಯಕನ ಶಿಸ್ತನ್ನು ನೆನೆದಂತೆ ಅವರು ಹಿಂದಿನ ಕಾಲದ ಕಟ್ಟಳೆಯನ್ನು ನೆನೆದರು, ಅದಕ್ಕೆ ಬೈಬಲಿನ ಆಧಾರ ಕೊಟ್ಟರು. ಒಂದೊಂದೂ ಮಾತುಕತೆಯಲ್ಲಿ ಬಗೆಹರಿಯಬಹುದಾದ ಬೇಡಿಕೆ. ಆದರೆ ಪಾದ್ರಿ ಥಾಮಸ್ ಮುಂಟ್ಸರ್ ಅದನ್ನು ಕಡೆಗಾಲದ ಯುದ್ಧವೆಂದು ಸಾರಿದ. ಲೂಥರ್ ರೈತರನ್ನು ಸದೆಬಡಿಯಿರೆಂದು ದೊರೆಗಳಿಗೆ ಬರೆದ. ಮೇ 15ರಂದು ಫ್ರಾಂಕೆನ್‌ಹೌಸೆನ್‌ನಲ್ಲಿ ಸಾವಿರಾರು ರೈತರು ಒಂದೇ ದಿನದಲ್ಲಿ ಸತ್ತರು. ಆ ವರ್ಷ ಒಟ್ಟು ಸತ್ತವರು ಒಂದು ಲಕ್ಷದಷ್ಟು ಇರಬಹುದೆಂದು ಅಂದಾಜು. ಮೀನು, ಸೌದೆಗಳ ಮಾತು ಎತ್ತುವವರು ಯಾರೂ ಉಳಿಯಲಿಲ್ಲ.

ಬೆಲೆ ಅಳಿಸಿಹೋದ ಜಗಳಕ್ಕೆ ಮತ್ತೆ ಬೆಲೆ ಕಟ್ಟಿದವರೂ ಚರಿತ್ರೆಯಲ್ಲಿ ಇದ್ದಾರೆ. ಅವರನ್ನು ನಾನು ಯುದ್ಧ ಗೆದ್ದವರಿಗಿಂತ ದೊಡ್ಡವರೆಂದು ಎಣಿಸುತ್ತೇನೆ. ಫ್ರಾನ್ಸಿನಲ್ಲಿ 36 ವರ್ಷ ನಡೆದ ಮತದ ಯುದ್ಧಗಳನ್ನು ನಾಲ್ಕನೆಯ ಹೆನ್ರಿ 1598ರ ನಾಂಟ್ ಶಾಸನದಿಂದ ನಿಲ್ಲಿಸಿದ. ಸಹೋದರರಂತೆ ಬಾಳಿ ಎಂದು ಉಪದೇಶ ಮಾಡಿ ಸುಮ್ಮನಾಗಲಿಲ್ಲ. ಪ್ರಾಟೆಸ್ಟಂಟರ ರಕ್ಷಣೆಗೆ ಸುಮಾರು 150 ನೆಲೆಗಳನ್ನು ಗೊತ್ತುಮಾಡಿ, ಹಲವು ಕಡೆ ಕಾವಲಿನ ಸಂಬಳವನ್ನು ತನ್ನ ಬೊಕ್ಕಸದಿಂದಲೇ ಕೊಡಿಸಿದ. ನಮ್ಮಲ್ಲಿ ಈ ಕೆಲಸ ಅದಕ್ಕಿಂತ 230 ವರ್ಷ ಮುಂಚೆ ಆಗಿತ್ತು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವಾಗಿ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಬುಕ್ಕರಾಯ ತೀರ್ಪು ಕೊಟ್ಟ. ಶ್ರವಣಬೆಳಗೊಳದ ಶಾಸನದಲ್ಲಿ ಅದು ಇದೆ. ಕೈ ಹಿಡಿಸಿದ ಭಾಗವನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಅದರ ಮುಂದಿನ ಸಾಲುಗಳು ಮುಖ್ಯ. ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ಹಣದಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲುಗಾರರನ್ನು ವೈಷ್ಣವರ ಕಡೆಯಿಂದ ಇಡಬೇಕು. ಮಿಕ್ಕದ್ದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಇಪ್ಪತ್ತು ಕಾವಲುಗಾರರು, ಮನೆಗೊಂದು ಹಣ, ಬಸದಿಯ ಗೋಡೆಗೆ ಸುಣ್ಣ: ಎರಡು ಮತಗಳ ಜಗಳವನ್ನು ಆ ಅರಸ ಶಾನುಭೋಗನೊಬ್ಬ ಬರೆದಿಡಬಹುದಾದ ಲೆಕ್ಕಕ್ಕೆ ಇಳಿಸಿದ. ಶ್ರೀವೈಷ್ಣವರು ಬಸದಿಯನ್ನು ಕಾಯುವವರಾದರು.

ಹೆನ್ರಿಯ ಶಾಸನವನ್ನು 1685ರಲ್ಲಿ ಅವನ ಮೊಮ್ಮಗ ಹದಿನಾಲ್ಕನೆಯ ಲೂಯಿ ರದ್ದುಮಾಡಿದ. ಲಕ್ಷಾಂತರ ಹ್ಯೂಗನಾಟರು ದೇಶ ಬಿಟ್ಟರು. ನಂಬಲು ಕಷ್ಟವಾಗುವ ಇನ್ನೊಂದು ಸಂಗತಿ: ಅದೇ ಲೂಯಿಯ ಮೇಲೆ ಒಟ್ಟಾದ ದೇಶಗಳ ಕೂಟಕ್ಕೆ ಪೋಪನ ಒಲವಿತ್ತು, ಆ ಕೂಟದ ಮುಂದಾಳುಗಳಲ್ಲಿ ಇಂಗ್ಲೆಂಡಿನ ಪ್ರಾಟೆಸ್ಟಂಟ್ ದೊರೆ ವಿಲಿಯಂ ಇದ್ದ. ಆದರೂ ಅವನು ಐರ್ಲೆಂಡಿನಲ್ಲಿ ಗೆದ್ದ 1690ರ ಬೋಯ್ನ್ ಕಾಳಗವನ್ನು ಇವತ್ತಿಗೂ ಎರಡು ಮತಗಳ ಯುದ್ಧವಾಗಿ ನೆನೆದು ಮೆರವಣಿಗೆ ಮಾಡುತ್ತಾರೆ.

ರಾಷ್ಟ್ರೀಯತೆಯ ಮಾತಿಗೆ ಬರುತ್ತೇನೆ. 1793ರ ಆಗಸ್ಟ್ 23ರಂದು ಫ್ರಾನ್ಸಿನ ಕ್ರಾಂತಿ ಸರ್ಕಾರ ಇಡೀ ದೇಶವನ್ನೇ ಸೈನ್ಯಕ್ಕೆ ಕರೆಯಿತು. ಯುವಕರು ಕಾಳಗಕ್ಕೆ, ಹೆಂಗಸರು ಡೇರೆ ಹೊಲಿಯುವುದಕ್ಕೆ, ಮುದುಕರು ಚೌಕಗಳಲ್ಲಿ ನಿಂತು ಹುರಿದುಂಬಿಸುವುದಕ್ಕೆ. ಅಲ್ಲಿಯವರೆಗೆ ಯುದ್ಧ ಅರಸರದು, ಬಾಡಿಗೆ ಸಿಪಾಯಿಗಳದು. ಅಲ್ಲಿಂದ ಮುಂದೆ ಎಲ್ಲರದು. ಮತಕ್ಕೆ ಇದ್ದ ಆವೇಶವನ್ನು ರಾಷ್ಟ್ರ ತನ್ನದಾಗಿ ಮಾಡಿಕೊಂಡಿತು. 1870ರಲ್ಲಿ ಕ್ಯಾಥೊಲಿಕ್ ಬವೇರಿಯದ ಸೈನಿಕರು ಪ್ರಾಟೆಸ್ಟಂಟ್ ಪ್ರಷ್ಯದ ಜೊತೆ ಸೇರಿ ಕ್ಯಾಥೊಲಿಕ್ ಫ್ರಾನ್ಸಿನ ಮೇಲೆ ಹೋದರು. ಎರಡು ಮೂರು ತಲೆಮಾರುಗಳಲ್ಲಿ ಆದ ಬದಲಾವಣೆ ಇದು. ಆ ಯುದ್ಧದ ಕೊನೆಯಲ್ಲಿ ಜರ್ಮನಿ ಆಲ್ಸೇಸ್-ಲೊರೇನನ್ನು ಕಿತ್ತುಕೊಂಡಿತು. ದಂಡವಾಗಿ ಕೇಳಿದ 500 ಕೋಟಿ ಫ್ರಾಂಕನ್ನು ಫ್ರಾನ್ಸ್ ಗಡುವಿಗೆ ಮುಂಚೆಯೇ ಕಟ್ಟಿ ಮುಗಿಸಿ ಮರೆಯಿತು. ಕಳೆದುಕೊಂಡ ನೆಲವನ್ನು 1914ರವರೆಗೂ ಮರೆಯಲಿಲ್ಲ. ಹಣಕ್ಕೆ ಬೆಲೆಯಿತ್ತು, ತಾಯ್ನಾಡಿಗೆ ಬೆಲೆಯಿರಲಿಲ್ಲ.

1914ರ ಯುದ್ಧ ನಮ್ಮವರನ್ನೂ ಸೆಳೆಯಿತು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಈಜಿಪ್ಟಿಗೆ ಹಡಗು ಹತ್ತಿತು. ಆಟೋಮನ್ ಸುಲ್ತಾನ ಖಲೀಫನಾಗಿ ಜಿಹಾದ್ ಸಾರಿದ. ಆದರೂ ಬ್ರಿಟಿಷರ ಭಾರತೀಯ ಸೈನ್ಯದ ಮುಸಲ್ಮಾನ ಸಿಪಾಯಿಗಳಲ್ಲಿ ಬಹುಪಾಲು ಜನ ಆಟೋಮನ್ನರ ವಿರುದ್ಧವೇ ಹೋರಾಡಿದರು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಸವಾರರು ಮಷಿನ್‌ಗನ್ನುಗಳ ಎದುರಿಗೆ ಭರ್ಜಿ ಹಿಡಿದು ನುಗ್ಗಿ ಹೈಫಾ ನಗರವನ್ನು ಗೆದ್ದರು. ಕನ್ನಡ ನೆಲದ ಸವಾರನೊಬ್ಬ ಪ್ಯಾಲೆಸ್ಟೈನಿನಲ್ಲಿ ಯಾವ ರಾಷ್ಟ್ರಕ್ಕಾಗಿ ಪ್ರಾಣ ಕೊಟ್ಟ? ಅವನಿಗೆ ತನ್ನದೆನ್ನುವ ಮಹಾರಾಜರಿದ್ದರು, ಪಡೆಯ ಮಾನವಿತ್ತು, ಮನೆಗೆ ಕಳಿಸಬೇಕಾದ ಸಂಬಳವಿತ್ತು. ಬೆಂಗಳೂರಿನಲ್ಲಿ ಅವರ ಸ್ಮಾರಕದ ಮುಂದೆ ಹಾದುಹೋಗುವವರು ಒಂದು ನಿಮಿಷ ನಿಂತು ಆ ಹೆಸರುಗಳನ್ನು ಓದಬೇಕೆಂದು ನನ್ನ ಪ್ರಾರ್ಥನೆ.

ಧರ್ಮ ಮತ್ತು ರಾಷ್ಟ್ರ ಎರಡೂ ಒಂದೇ ಆದಾಗ ಏನಾಗುತ್ತದೆ ಎಂಬುದನ್ನು ನನ್ನ ವಯಸ್ಸಿನವರು ಟಿವಿಯಲ್ಲಿ ನೋಡಿದ್ದೇವೆ. ಯುಗೊಸ್ಲಾವಿಯದ ಸೆರ್ಬರು, ಕ್ರೊಯೇಷಿಯನ್ನರು, ಬೋಸ್ನಿಯದ ಮುಸಲ್ಮಾನರು ಆಡುವುದು ಒಬ್ಬರಿಗೊಬ್ಬರಿಗೆ ಸಲೀಸಾಗಿ ತಿಳಿಯುವ ಮಾತು. ಬೇರೆ ಮಾಡುವುದು ಮುಖ್ಯವಾಗಿ ಮತ. ಚರ್ಚಿಗಾಗಲಿ ಮಸೀದಿಗಾಗಲಿ ಹೋಗದವನಿಗೂ ಹೆಸರಿನಿಂದಲೇ ಮತ ಗೊತ್ತಾಗುತ್ತಿತ್ತು. 1980ರ ದಶಕದಲ್ಲಿ ಆ ದೇಶ ಸಾಲದಲ್ಲಿ ಮುಳುಗಿತ್ತು, ಬೆಲೆಗಳು ಏರಿದ್ದವು, ಯಾವ ಗಣರಾಜ್ಯ ಎಷ್ಟು ಹಣ ಕೊಡಬೇಕೆಂಬ ತಕರಾರಿತ್ತು. ಸೆರ್ಬ್ ಮುಖಂಡರು ಆ ಲೆಕ್ಕವನ್ನು ಬದಿಗಿಟ್ಟು, ತಮ್ಮವರು ಆಟೋಮನ್ನರ ಎದುರು ಕಾದಿದ 1389ರ ಕೊಸೊವೊ ಕಾಳಗವನ್ನು ಎತ್ತಿಕೊಂಡರು. ಮುಂದಿನದು ಗೊತ್ತೇ ಇದೆ. 1995ರ ಜುಲೈನಲ್ಲಿ ಬೋಸ್ನಿಯದ ಸ್ರೆಬ್ರೆನಿತ್ಸದಲ್ಲಿ ಸುಮಾರು 8,000 ಮುಸಲ್ಮಾನ ಗಂಡಸರನ್ನು, ಹುಡುಗರನ್ನು ಬೇರೆ ಮಾಡಿ ಕೊಂದರು. ಮೊಸ್ತಾರ್ ಊರಿನ ಹದಿನಾರನೆಯ ಶತಮಾನದ ಕಲ್ಲಿನ ಸೇತುವೆಯನ್ನು 1993ರ ನವೆಂಬರ್ 9ರಂದು ಫಿರಂಗಿ ಹೊಡೆದು ಬೀಳಿಸಿದರು. ಅದೇ ಸೇತುವೆಯ ಮೇಲಿಂದ ಎರಡು ದಡದ ಮಕ್ಕಳೂ ಬೇಸಗೆಯಲ್ಲಿ ನೀರಿಗೆ ಹಾರುತ್ತಿದ್ದರು. 2004ರಲ್ಲಿ ಮತ್ತೆ ಕಟ್ಟಿದ್ದಾರೆ.

ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ನಮ್ಮ ಜಿಲ್ಲೆಯ ಬಾಬಾಬುಡನ್‌ಗಿರಿಯ ಗುಹೆಯ ವಿಷಯವನ್ನು ನೀವು ಮನಸ್ಸಿನಲ್ಲಿ ನೆನೆಯುತ್ತಿದ್ದೀರಿ, ನನಗೆ ಗೊತ್ತು. 1970ರ ದಶಕದಲ್ಲಿ ಅದು ಕಚೇರಿಯ ಪ್ರಶ್ನೆಯಾಗಿ ಶುರುವಾಯಿತು: ಆಡಳಿತ ಮುಜರಾಯಿಗೆ ಸೇರಿದ್ದೋ, ವಕ್ಫ್ ಮಂಡಳಿಗೋ. ಬೆಲೆ ಕಟ್ಟಬಹುದಾದ ಪ್ರಶ್ನೆ. ಬರಬರುತ್ತ ಅದು ಬೀದಿಗೆ ಬಂತು. ಬೆಟ್ಟ ಹತ್ತುವ ಭಕ್ತರನ್ನು ನೋಡಿದವನಾಗಿ ಒಂದು ಮಾತು ಹೇಳುವೆ: ಗುಹೆಯ ಮುಂದೆ ಕೈಮುಗಿಯುವವರು ಅದನ್ನು ಬೀದಿಗೆ ತಂದವರಲ್ಲ. ಅದನ್ನು ಕಡತದಲ್ಲೇ ಇಟ್ಟು ಬಗೆಹರಿಸುವ ತಾಳ್ಮೆ ನಮ್ಮಲ್ಲಿರಬೇಕು. ಆ ತಾಳ್ಮೆಯನ್ನು ಹೇಡಿತನವೆಂದು ಕರೆಯುವವರ ಮಾತಿಗೆ ಈ ಜಿಲ್ಲೆಯ ಮಕ್ಕಳು ಕಿವಿಗೊಡಬಾರದು.

ನಗರದ ದಂಗೆಯ ಕಡೆಯ ಭಾಗ ಹೇಳುವುದು ಉಳಿದಿದೆ. ಕೃಷ್ಣರಾಜ ಒಡೆಯರು 1830ರ ಡಿಸೆಂಬರ್‌ನಲ್ಲಿ ಚನ್ನರಾಯಪಟ್ಟಣದವರೆಗೆ ಬಂದರು, ಕಠಿಣ ಶಿಕ್ಷೆಗಳಾದವು. ಮರುವರ್ಷ ಮೈಸೂರಿನ ದಂಡು ಸಾಲದೆ ಇಂಗ್ಲಿಷರ ದಂಡು ಕರ್ನಲ್ ಇವಾನ್ಸ್ ಕೈಕೆಳಗೆ ಬಂದು ಜೂನ್ ತಿಂಗಳಲ್ಲಿ ನಗರವನ್ನು ಹಿಡಿಯಿತು. ದಂಗೆಯನ್ನೂ ಪೊಗದಿ ನಿಲ್ಲುವ ಭಯವನ್ನೂ ಮುಂದೆ ಮಾಡಿ ಗವರ್ನರ್ ಜನರಲ್ ಬೆಂಟಿಂಕ್ 1831ರ ಅಕ್ಟೋಬರ್‌ನಲ್ಲಿ ರಾಜ್ಯದ ಆಡಳಿತವನ್ನೇ ಮಹಾರಾಜರ ಕೈಯಿಂದ ತೆಗೆದುಕೊಂಡ. ಅದು ಒಡೆಯರ ಮನೆಗೆ ಮರಳಿದ್ದು 1881ರಲ್ಲಿ. ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಕಬ್ಬನ್ ಎಂಬ ನಾಲ್ವರು ಇಂಗ್ಲಿಷ್ ಅಧಿಕಾರಿಗಳ ಸಮಿತಿ ದಂಗೆಯ ಕಾರಣ ಹುಡುಕಿ 1833ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ರಾಜ್ಯ ನುಂಗಲು ಬಂದವರ ವರದಿ ಎಂಬುದನ್ನು ಮರೆಯದೆ ಓದಬೇಕು. ಆದರೂ ರೈತರ ದೂರುಗಳು ಅಲ್ಲಿ ದೂರುಗಳಾಗಿಯೇ ದಾಖಲಾಗಿವೆ. ಒಂದು ಮತದವರ ಹುಚ್ಚು ಎಂದು ತಳ್ಳಿಹಾಕಿಲ್ಲ.

ತರೀಕೆರೆಯ ನಾಯಕರಿಗೆ ದಂಗೆಯಿಂದ ಏನೂ ಸಿಗಲಿಲ್ಲ. ಕಾಡು-ದುರ್ಗಗಳಲ್ಲಿ ಹೋರಾಟ ಮುಂದುವರಿಸಿದ ಅದೇ ಮನೆತನದ ಸರ್ಜಾ ಹನುಮಪ್ಪ ನಾಯಕನನ್ನು ಹಿಡಿದು 1834ರಲ್ಲಿ ಗಲ್ಲಿಗೇರಿಸಿದರು. ಅದೇ ವರ್ಷ ಕಮಿಷನರಾಗಿ ಬಂದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಚಿಲ್ಲರೆ ತೆರಿಗೆಗಳು ಒಂದೊಂದಾಗಿ ರದ್ದಾದವು. ಒಟ್ಟು 769 ಬಾಬುಗಳು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಚೌಲಕ್ಕೆ ತೆರಿಗೆ. ಯಾವುದೋ ಕಾಲದಲ್ಲಿ ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಾಗ ಹುಡುಕಿಕೊಡಲಿಲ್ಲವೆಂದು ಒಂದು ಊರಿನವರು ತಲೆತಲಾಂತರದಿಂದ ದಂಡ ಕಟ್ಟುತ್ತಿದ್ದರು. ನಗರದಲ್ಲಿ ಒಂದು ಜಾಗವಿತ್ತು. ಅಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಂಡು ನಡೆಯದವನು ತೆರಿಗೆ ಕೊಡಬೇಕಿತ್ತು. ಕೂಟಕ್ಕೆ ಸೇರಿದ ರೈತ ಹೊತ್ತು ತಂದ ಭಾರ ಈ ಬಗೆಯದು, ಮತ್ತು ಅದು ಒಂದೊಂದು ಬಾಬಾಗಿ ಹೊಡೆದುಹಾಕಬಹುದಾದ ಭಾರವಾಗಿತ್ತು.

ನಿಮ್ಮ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ, ಗೌಡಿಕೆ ಶಾನುಭೋಗಿಕೆಯ ಮನೆತನಗಳಲ್ಲಿ, ಆ ಕಾಲದ ಕಡತ, ಮುಚ್ಚಳಿಕೆ, ರಸೀದಿಗಳು ಇದ್ದರೆ ಗೆದ್ದಲಿಗೆ ಬಿಡಬೇಡಿ. ಕಾಲೇಜಿನ ಮಕ್ಕಳು ಈ ಬೇಸಗೆ ರಜೆಯಲ್ಲಿ ಒಂದೊಂದು ಊರು ಹಂಚಿಕೊಂಡು ಅವನ್ನು ನಕಲು ಮಾಡಿಕೊಳ್ಳಲಿ. 1833ರ ವರದಿ ಕನ್ನಡದಲ್ಲಿ ಈ ಊರಿನ ಗ್ರಂಥಾಲಯದ ಮೇಜಿನ ಮೇಲೆ ಇರುವಂತೆ ಮಾಡಿದರೆ, ಅದರ ಪಕ್ಕದಲ್ಲಿ ಮೆಮ್ಮಿಂಗೆನ್ ರೈತರ ಹನ್ನೆರಡು ಬೇಡಿಕೆಗಳನ್ನೂ ಇಟ್ಟು ಓದುವ ಕೆಲಸಕ್ಕೆ ನಾನೂ ಬಂದು ಕೂರುತ್ತೇನೆ.